ಇಪ್ಪತ್ತೊಂಬತ್ತನೆಯ ಕಂತು

ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಬೇಕೆಂದು ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಓದಿಕೊಂಡವರು, ಕೈಯಲ್ಲಿ ನೋಟ್ ಪುಸ್ತಕ. ಅಂಟು ಎಷ್ಟು ಗಟ್ಟಿಯಿರಬೇಕು, ದಾರ ಎಂಥದು, ಹೊಲಿಗೆಗೆ ಎಷ್ಟು ತೂತು ಎಂದೆಲ್ಲ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಅವರು ಹೋದ ಮೇಲೆ, ಹೇಳಬೇಕಾದ್ದನ್ನೇ ಹೇಳಲಿಲ್ಲವಲ್ಲ ಎಂದು ನನಗೆ ಅನ್ನಿಸಿತು. ಅಂಟು ಕಾಸುವುದನ್ನು ಯಾರಾದರೂ ಕಲಿಸಿಯಾರು. ಅಂಗಡಿಯ ಮುಂದೆ ಕೂತು ಪುಸ್ತಕದ ಮಾತಾಡುವ ಜನರ ಜೊತೆ ಏಗುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ಈ ಕಸುಬಿನಲ್ಲಿ ನಾನು ಪಟ್ಟ ಸುಖವೆಲ್ಲ ಅವರಿಂದ ಬಂದದ್ದು, ಪಟ್ಟ ಫಜೀತಿಯೂ ಬಹುಪಾಲು ಅವರಿಂದಲೇ. ಅದನ್ನೇ ಬರೆಯುತ್ತೇನೆ.

ನಾನು ಕೆಲಸ ಕಲಿತದ್ದು ಪೇಟೆಯ ಒಂದು ಪ್ರೆಸ್ಸಿನಲ್ಲಿ. ಅಲ್ಲಿ ಬೈಂಡಿಂಗ್ ಮೇಸ್ತ್ರಿ ಖಾದರ್ ಸಾಬರು. ತೆಳ್ಳನೆಯ ಮನುಷ್ಯ, ಬಾಯಿಗಿಂತ ಕಣ್ಣಿನಲ್ಲೇ ಹೆಚ್ಚು ಬೈಯುತ್ತಿದ್ದರು. ಮೈದಾ ಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲವೆಂದು ಕಲಿಸಿದವರು ಅವರೇ. ಅವರದು ಒಂದೇ ಕಟ್ಟಪ್ಪಣೆ: ಬೈಂಡರ್ ಆದವನು ಓದಕೂಡದು. “ಕಾಗದ ನೋಡು, ಅಕ್ಷರ ನೋಡ್ಬೇಡ. ಓದೋಕೆ ನಿಂತ್ಯೋ, ಕೈ ನಿಂತ್ಹೋಯ್ತು” ಎನ್ನುತ್ತಿದ್ದರು. ನಾನು ಕದ್ದು ಓದುತ್ತಿದ್ದೆ. ಹೀಗೆ ಓದುತ್ತಾ ಮೈಮರೆತು, ಮಕ್ಕಳ ಭೂಗೋಳದ ಪುಸ್ತಕದ ನಡುವೆ ಅಡುಗೆ ಪುಸ್ತಕದ ಹದಿನಾರು ಪುಟ ಸೇರಿಸಿ ಹೊಲಿದುಬಿಟ್ಟೆ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಪುಟ ತಿರುವುವಷ್ಟರಲ್ಲಿ ಹುಳಿಗೆ ಒಗ್ಗರಣೆ ಬೀಳುತ್ತಿತ್ತು. ಸಾಬರು ಒಂದು ಮಾತೂ ಬೈಯಲಿಲ್ಲ. ಕೆಲಸ ನಿಲ್ಲಿಸಿ, ಎಲ್ಲರನ್ನೂ ಕರೆದು, ಆ ಪುಸ್ತಕವನ್ನು ನನ್ನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು. ಆ ಅವಮಾನ ಮರೆಯುವಂಥದ್ದಲ್ಲ. ಆದರೂ ಓದುವ ಚಾಳಿ ಬಿಡಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಾಗ ರಾಜಾಜಿನಗರದಲ್ಲಿ ಸ್ವಂತ ಅಂಗಡಿ ಇಟ್ಟೆ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಆಗಲೇ ಕ್ರಾಸು, ಮೇನು ಎಂದು ಕಲ್ಲು ನೆಟ್ಟು, ಮನೆಗಳು ಎದ್ದಿದ್ದವು. ನನ್ನ ಅಂಗಡಿ ಎಂಟಡಿ ಅಗಲದ್ದು, ಮುಂದೆ ಒಂದು ಮರದ ಬೆಂಚು. ಕೆಲಸ ಕೊಡಲು ಬಂದವರು ಕೂರಲಿ ಎಂದು ಹಾಕಿಸಿದ್ದು. ಬರುಬರುತ್ತಾ ಕೆಲಸವಿಲ್ಲದವರೂ ಬಂದು ಕೂತರು. ಯಾವ ಪುಸ್ತಕ ಓದುತ್ತಿದ್ದೀರಿ, ಎಲ್ಲಿ ಕೊಂಡಿರಿ, ಮುಗಿದ ಮೇಲೆ ನನಗೆ ಕೊಡುತ್ತೀರಾ, ಇದೇ ಮಾತು. ಹೆಂಗಸರು ಬಂದರೆ ಬೆಂಚು ಅವರಿಗೆ ಬಿಟ್ಟು ಗಂಡಸರು ಕಂಬಕ್ಕೆ ಒರಗಿ ನಿಲ್ಲುವುದು ರೂಢಿಯಾಯಿತು.

ದಿನವೂ ಬರುತ್ತಿದ್ದವರಲ್ಲಿ ಫಿಟ್ಟರ್ ವೆಂಕಟೇಶ ಒಬ್ಬ. ಹೊಸದಾಗಿ ಆಗಿದ್ದ ಕಾರ್ಖಾನೆಯಲ್ಲಿ ಕೆಲಸ, ನನ್ನ ವಯಸ್ಸಿನವನು. ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆಯದನ್ನು ಕೊಳ್ಳುತ್ತಿರಲಿಲ್ಲ, ಅದನ್ನೂ ಕೊನೆಯ ಪುಟದಿಂದ ಓದುತ್ತಿದ್ದ. ಕೊಲೆ ಮಾಡಿದವನು ಯಾರೆಂದು ಮೊದಲೇ ಗೊತ್ತಿದ್ದರೆ ನಿದ್ದೆ ಚೆನ್ನಾಗಿ ಬರುತ್ತದಂತೆ. ಅದನ್ನು ಅವನೊಬ್ಬನೇ ಇಟ್ಟುಕೊಂಡಿದ್ದರೆ ನಮಗೇನೂ ತಕರಾರಿರಲಿಲ್ಲ. ಪಕ್ಕದವನು ಪುಸ್ತಕ ಬಿಚ್ಚುವ ಮೊದಲೇ ಕೊಲೆಗಾರನ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಿದ್ದ.

ಇನ್ನೊಬ್ಬರು ಶಾಮಣ್ಣ ಮೇಷ್ಟ್ರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಕೋಟು, ಕೊಡೆ, ಬೋಳು ತಲೆ. ತಿಂಗಳಿಗೊಂದು ಹೊಸ ಪುಸ್ತಕವನ್ನು ಅವೆನ್ಯೂ ರಸ್ತೆಯಿಂದ ತರುವರು. ಇರುವ ಪುಸ್ತಕಕ್ಕೇ ಮನೆಯಲ್ಲಿ ಜಾಗವಿಲ್ಲ, ಇನ್ನೊಂದು ತಂದರೆ ನೀರೊಲೆಗೆ ಹಾಕುತ್ತೇನೆ ಎಂದು ಅವರ ಹೆಂಡತಿ ಹೆದರಿಸಿದ್ದರಂತೆ. ಅದಕ್ಕೆ ಮೇಷ್ಟ್ರು ಬಸ್ಸಿಳಿದು ನೇರವಾಗಿ ನನ್ನ ಅಂಗಡಿಗೆ ಬಂದು, ಹೊಸ ಪುಸ್ತಕದ ಬಣ್ಣದ ಹೊದಿಕೆ ಕೀಳಿಸಿ, ಕಪ್ಪು ಬಟ್ಟೆಯ ರಟ್ಟು ಹಾಕಿಸುವರು. ಅವರ ಹಳೆಯ ಪುಸ್ತಕಗಳಿಗೆಲ್ಲ ಅದೇ ಕಪ್ಪು ರಟ್ಟು. ರಿಪೇರಿಗೆ ಕೊಟ್ಟಿದ್ದ ಹಳೆಯದು ಎಂದು ಹೇಳಿ ಒಳಗೆ ಸೇರಿಸಿಬಿಡುವರು. ಹೊಸ ಪುಸ್ತಕವನ್ನು ಹಳೆಯದಾಗಿ ಕಾಣಿಸುವ ಕೆಲಸವನ್ನು ನನಗೆ ಕೊಟ್ಟವರು ಜೀವಮಾನದಲ್ಲಿ ಅವರೊಬ್ಬರೇ. ಮೇಷ್ಟ್ರಿಗೆ ವಾರಪತ್ರಿಕೆಯ ಧಾರಾವಾಹಿಗಳನ್ನು ಕಂಡರೆ ಮೈಯುರಿ. ವಾರಕ್ಕೆ ನಾಲ್ಕು ಪುಟ ಬರೆದು ಜನರನ್ನು ತುದಿಗಾಲಲ್ಲಿ ನಿಲ್ಲಿಸುವುದು ಸಾಹಿತ್ಯವಲ್ಲ, ಗಾಳ ಹಾಕುವ ಕೆಲಸ ಎನ್ನುತ್ತಿದ್ದರು.

ನನ್ನ ಅಂಗಡಿ ನಡೆಯುತ್ತಿದ್ದುದೇ ಆ ಧಾರಾವಾಹಿಗಳಿಂದ. ಆಗಿನ ಮನೆಗಳಲ್ಲಿ ಹೆಂಗಸರು ವಾರವಾರವೂ ಪತ್ರಿಕೆಯಿಂದ ಆ ನಾಲ್ಕು ಪುಟ ಬಿಡಿಸಿ ಇಟ್ಟುಕೊಳ್ಳುವರು. ಕತೆ ಮುಗಿದ ಮೇಲೆ ಎಲ್ಲ ಕಂತುಗಳನ್ನೂ ಕಟ್ಟಿಸಿದರೆ ಅದೇ ಒಂದು ಕಾದಂಬರಿ. ಬೀದಿಯಲ್ಲಿ ಒಬ್ಬರು ಕಟ್ಟಿಸಿದರೆ ಹತ್ತು ಮನೆ ಓದುತ್ತಿತ್ತು.

ಗಿರಿಜಮ್ಮ ನನ್ನ ಅಂಗಡಿಗೆ ಬಂದದ್ದೂ ಇದಕ್ಕೇ. ಮದುವೆಯಾಗಿ ದಾವಣಗೆರೆಯ ಕಡೆಯಿಂದ ಬಂದ ಹುಡುಗಿ, ಇಪ್ಪತ್ತೆರಡು ವರ್ಷವಿದ್ದೀತು. ಗಂಡ ಸರ್ಕಾರಿ ಗುಮಾಸ್ತರು. ಮನೆಯಲ್ಲಿ ಅತ್ತೆ, ಮಾವ, ಮೈದುನರು, ತುಂಬಿದ ಸಂಸಾರ. ತರಕಾರಿಗೆಂದು ಬಂದವರು ಕಾಲು ಗಂಟೆ ಬೆಂಚಿನ ಮೇಲೆ ಕೂತು ಹೋಗುವರು. ಮೊದಲ ದಿನ ಅವರು ಕೇಳಿದ್ದನ್ನು ನನ್ನನ್ನು ಬೇರೆ ಯಾರೂ ಕೇಳಿರಲಿಲ್ಲ. ಹೊಸ ಧಾರಾವಾಹಿಯ ಒಂದೊಂದೇ ಕಂತನ್ನು ವಾರವಾರ ತಂದುಕೊಡುತ್ತೇನೆ, ಮುಗಿಯುವ ತನಕ ನಿಮ್ಮ ಅಂಗಡಿಯಲ್ಲೇ ಇಟ್ಟುಕೊಳ್ಳಿ ಎಂದರು.

“ಮನೇಲಿಟ್ರೆ ಡಬ್ಬದ ಕೆಳಗೆ ಹಾಸೋಕೆ ಹೋಗುತ್ತೆ. ಇಲ್ದಿದ್ರೆ ನಾನೇ ಓದಿಬಿಡ್ತೀನಿ” ಎಂದರು.

ಓದುವುದಕ್ಕೇ ಅಲ್ಲವೇ ತಾಯಿ ಎಂದೆ. ಅಲ್ಲವಂತೆ. ಒಲೆಯ ಮುಂದೆ ಒಂದು ಕಂತು ಓದಿ, ಮುಂದಿನ ವಾರದ ತನಕ ಮನಸ್ಸೆಲ್ಲ ಅಲ್ಲೇ ಇದ್ದು, ಸಾರಿಗೆ ಎರಡು ಸಲ ಉಪ್ಪು ಹಾಕಿ ಅತ್ತೆಯ ಕೈಲಿ ಅನ್ನಿಸಿಕೊಂಡದ್ದು ಸಾಕಾಗಿತ್ತಂತೆ. ಒಂದು ಸಲವಾದರೂ ಒಂದು ಕಾದಂಬರಿಯನ್ನು, ಯಾರೂ ಕರೆಯದಿರುವ ಜಾಗದಲ್ಲಿ ಕೂತು, ಮೊದಲಿಂದ ಕೊನೆಯವರೆಗೆ ಓದಬೇಕೆಂಬ ಆಸೆ. ತವರಿಗೆ ಹೋದಾಗ ಓದುತ್ತೇನೆ ಎಂದರು. ಸ್ವಲ್ಪ ದಿನಕ್ಕೆ ಅವರು ಗರ್ಭಿಣಿಯಾದರು. ಏಳನೇ ತಿಂಗಳಿಗೆ ತವರಿಗೆ ಹೋಗುವುದೆಂದಾಯಿತು, ಧಾರಾವಾಹಿ ಮುಗಿಯುವುದೂ ಆ ಹೊತ್ತಿಗೇ. ಮಗು ಹುಟ್ಟಿದ ಮೇಲೆ ನನಗೆಲ್ಲಿಯ ಓದು, ಇದೊಂದೇ ಅವಕಾಶ ಎಂದು ನಗುತ್ತಲೇ ಹೇಳಿದರು. ನಗುತ್ತಿದ್ದರೂ ಮಾತು ಮಾತ್ರ ನಿಜವಾಗಿತ್ತು.

ಆ ಧಾರಾವಾಹಿಗೋ ಊರೆಲ್ಲ ಮರುಳಾಗಿತ್ತು. ಒಬ್ಬ ವಕೀಲರ ಮನೆ, ಇಬ್ಬರು ಅಕ್ಕತಂಗಿಯರು. ಅಕ್ಕನ ಮದುವೆ ಗೊತ್ತಾಗಿರುವಾಗ ಗಂಡಿನ ಮನೆಗೆ ಯಾರೋ ಮೂಗರ್ಜಿ ಬರೆದು ಸಂಬಂಧ ಮುರಿಯುತ್ತಾರೆ. ಬರೆದವರು ಯಾರು ಎಂಬುದೇ ಕತೆ. ವಾರವಾರವೂ ಹೊಸ ಅನುಮಾನ, ಮನೆಯ ಚಿಕ್ಕಪ್ಪನ ಮೇಲೂ. ನನ್ನ ಬೆಂಚಿನ ಮೇಲೆ ಬೇರೆ ಮಾತೇ ಇರುತ್ತಿರಲಿಲ್ಲ, ಗಿರಿಜಮ್ಮ ಬರುವ ತನಕ. ತಿರುವಿನಲ್ಲಿ ಅವರ ತರಕಾರಿ ಚೀಲ ಕಂಡಿತೋ, ಎಲ್ಲರೂ ಮಾತು ಬದಲಿಸಿ ಬದನೆಕಾಯಿ ದರ ಮಾತಾಡುವರು. ಈ ಕಟ್ಟಳೆ ಮಾಡಿದವನು ನಾನೇ. ವೆಂಕಟೇಶನಿಗೆ ಇದು ಬಲು ಕಷ್ಟವಾಗುತ್ತಿತ್ತು. ಒಂದು ದಿನ ಅವರೆದುರಿಗೇ “ಆ ಚಿಕ್ಕಪ್ಪ ಇದಾನಲ್ಲ” ಎಂದು ಶುರು ಮಾಡಿ, ನನ್ನ ಕೈಯಲ್ಲಿದ್ದ ಕತ್ತಿಯನ್ನು ನೋಡಿ, “ನಮ್ಮ ಚಿಕ್ಕಪ್ಪ, ಮಾಗಡಿಯೋನು” ಎಂದು ಮುಗಿಸಿದ. ಮೇಷ್ಟ್ರು ಮಾತ್ರ ನಮ್ಮ ಹುಚ್ಚಾಟಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಕಂಬಕ್ಕೆ ಒರಗಿ ಪೇಪರು ಓದುತ್ತಿದ್ದರು.

ನಲವತ್ತೆರಡನೆಯ ಕಂತಿಗೆ ಕತೆ ಮುಗಿಯಿತು. ಗಿರಿಜಮ್ಮನ ರೈಲು ಶುಕ್ರವಾರ. ಮಂಗಳವಾರ ಬೆಳಿಗ್ಗೆ, ಅವರ ಕಂತುಗಳನ್ನು ಹಾಕಿಡುತ್ತಿದ್ದ ಪೆಟ್ಟಿಗೆ ಇಳಿಸಿ ಜೋಡಿಸಲು ಕೂತೆ. ಒಂದೊಂದರ ಮೂಲೆಯಲ್ಲೂ ಅವರು ಕೆಂಪು ಪೆನ್ಸಿಲಿನಲ್ಲಿ ನಂಬರು ಹಾಕಿದ್ದರು. ಇಪ್ಪತ್ತೆಂಟು ಆದ ಮೇಲೆ ಮೂವತ್ತು ಬಂತು. ಇನ್ನೊಂದು ಸಲ ಎಣಿಸಿದೆ. ಪೆಟ್ಟಿಗೆ ಬೋರಲು ಹಾಕಿದೆ. ಇಪ್ಪತ್ತೊಂಬತ್ತು ಇರಲಿಲ್ಲ.

ಅವರು ಕೊಡಲು ಮರೆತಿರಬೇಕು ಎಂದು ಒಂದು ಗಳಿಗೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೊಟ್ಟದ್ದು ಚೆನ್ನಾಗಿ ನೆನಪಿತ್ತು. ಆ ದಿನ ಕೈಗೆಲ್ಲ ಅಂಟು ಮೆತ್ತಿತ್ತೆಂದು ಪೆಟ್ಟಿಗೆಗೆ ಹಾಕದೆ ಮೇಜಿನ ತುದಿಯಲ್ಲಿಟ್ಟಿದ್ದೆ. ಮೇಜಿನ ತುದಿಯಲ್ಲಿ ಇರುತ್ತಿದ್ದುದು ರದ್ದಿ ಕಾಗದ. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಬಟ್ಟೆಯ ಒಳಗೆ ರದ್ದಿ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತೇವೆ. ಆ ವಾರ ನಾನು ಕಟ್ಟಿದ್ದು ಒಂದೇ ಪುಸ್ತಕ, ಮೇಷ್ಟ್ರದು. ಅಂದರೆ ಗಿರಿಜಮ್ಮನ ಕಂತನ್ನು ನಾನೇ ಕೈಯಾರೆ ಕತ್ತರಿಸಿ, ಮೇಷ್ಟ್ರ ಪುಸ್ತಕದ ಬೆನ್ನಿಗೆ ಮೆತ್ತಿದ್ದೆ. ಖಾದರ್ ಸಾಬರು ಅಕ್ಷರ ನೋಡಬೇಡ ಎಂದಿದ್ದರು. ಆ ಒಂದು ದಿನ ನೋಡಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಇಪ್ಪತ್ತೆಂಟಕ್ಕೆ ಮೂವತ್ತನ್ನು ಸೇರಿಸಿ ಹೊಲಿದುಬಿಟ್ಟರೆ ಅವರಿಗೆ ಗೊತ್ತಾಗುವುದು ದಾವಣಗೆರೆಯಲ್ಲಿ. ಅಷ್ಟು ದೂರದಿಂದ ಬೈದರೆ ಇಲ್ಲಿಗೆ ಕೇಳಿಸುವುದಿಲ್ಲ. ಹೀಗೆ ಯೋಚಿಸಿದ್ದೆನೆಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಆ ಹುಡುಗಿ ವಾರವಾರವೂ ಆಸೆಯನ್ನು ಅದುಮಿಕೊಂಡು ನನ್ನ ಕೈಗೆ ತಂದುಕೊಟ್ಟದ್ದು ಕಣ್ಣಮುಂದೆ ಬಂತು. ಅಂಗಡಿ ಮುಚ್ಚಿ ಮೇಷ್ಟ್ರ ಮನೆಗೆ ಹೋದೆ.

ಬಾಗಿಲು ತೆಗೆದವರು ಅವರ ಹೆಂಡತಿ. ಹೊಸ ಪುಸ್ತಕ ಎನ್ನುವ ಹಾಗಿಲ್ಲ, ಹಳೆಯದೆಂದರೆ ಯಾವ ಹಳೆಯದು? ಮೂರು ತಿಂಗಳ ಹಿಂದೆ ಮೇಷ್ಟ್ರು ರಿಪೇರಿಗೆ ಕೊಟ್ಟಿದ್ದ ಪುಸ್ತಕದಲ್ಲಿ ಒಂದು ಹೊಲಿಗೆ ನೋಡಬೇಕಿತ್ತು ಎಂದು ತೊದಲಿದೆ.

“ಹೊಸಾದಾ?” ಎಂದರು ಅವರು. “ಮೇಲಿನ ಸಾಲಲ್ಲಿ, ಬಲಗಡೆಯಿಂದ ನಾಲ್ಕನೇದು.”

ಅವರ ಹಿಂದೆ ಮೇಷ್ಟ್ರು ನಿಂತಿದ್ದರು. ಅವರ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ, ನೋಡಬಾರದು ಎನ್ನಿಸಿತು.

ಮೇಷ್ಟ್ರೂ ನಾನೂ ಪುಸ್ತಕ ಹಿಡಿದು ಅಂಗಡಿಗೆ ಬಂದೆವು. ಒದ್ದೆ ಬಟ್ಟೆ ಸುತ್ತಿ, ಅಂಟು ನೆನೆಸಿ, ಬೆನ್ನು ಬಿಚ್ಚಿದೆ. ಸಿಕ್ಕಿದ್ದು ಎರಡು ಬೆರಳಗಲದ ಐದು ಪಟ್ಟಿ. ಒಂದೊಂದು ಸಾಲಿನಲ್ಲೂ ಎರಡು ಮೂರು ಪದ. ಅದರಿಂದ ಕತೆ ಏನೂ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ವೆಂಕಟೇಶ ಬಂದ. ವಿಷಯ ತಿಳಿದು, ಹಳೆಯ ಸಂಚಿಕೆ ಹುಡುಕಲು ಸೈಕಲ್ ಹತ್ತಿದ. ಬೀದಿಯ ಮನೆಗಳಲ್ಲಿ ಕೇಳಿದ, ಗಿರಿಜಮ್ಮ ಕಟ್ಟಿಸುತ್ತಾರಲ್ಲ ಎಂದು ಈ ಸಲ ಬೇರೆ ಯಾರೂ ಎತ್ತಿಟ್ಟಿರಲಿಲ್ಲ. ಪತ್ರಿಕೆಯ ಕಚೇರಿಗೂ ಹೋಗಿ ಬಂದ. ಆ ಸಂಚಿಕೆ ಒಂದೂ ಉಳಿದಿರಲಿಲ್ಲ. ಕೊನೆಗೆ ಕ್ಷೌರದಂಗಡಿಯಲ್ಲಿ ಇದ್ದೀತು ಎಂದು ಹೊರಟ.

“ಅಲ್ಲಿಲ್ಲಪ್ಪ” ಎಂದರು ಮೇಷ್ಟ್ರು. “ಅವನು ಹಳೇದ್ರಲ್ಲೆಲ್ಲ ಕತ್ತಿಯ ನೊರೆ ಒರೆಸ್ತಾನೆ.”

ನಾವಿಬ್ಬರೂ ಅವರತ್ತ ನೋಡಿದೆವು.

“ಇಪ್ಪತ್ತೊಂಬತ್ತು ಅಂದ್ರೆ, ತಂಗಿ ಅಕ್ಷರ ಹೋಲಿಸಿ ನೋಡೋದು. ಚಿಕ್ಕಪ್ಪನ ಮೇಲೆ ಅನುಮಾನ ಬರೋದು” ಎಂದರು, ಕೊಡೆಯ ಹಿಡಿಯನ್ನು ನೋಡುತ್ತಾ.

ನಿಮಗೆ ಹೇಗೆ ಗೊತ್ತು ಮೇಷ್ಟ್ರೇ ಎಂದೆ. ಕ್ಷೌರಕ್ಕೆ ಕಾಯುವಾಗ ಕಣ್ಣಿಗೆ ಬಿತ್ತಂತೆ. ನಲವತ್ತೆರಡು ವಾರವೂ ಬಿತ್ತೇ ಎಂದು ವೆಂಕಟೇಶ ಕೇಳಲಿಲ್ಲ, ಅವರ ಬೋಳು ತಲೆಯನ್ನು ನೋಡಿದ, ಅಷ್ಟೆ. ಆಮೇಲೆ ಗೊತ್ತಾಯಿತು, ಒಂದು ಕೂದಲೂ ಕತ್ತರಿಸಿಕೊಳ್ಳದೆ ವಾರವಾರವೂ ಬಂದು ಕೂರುವ ಗಿರಾಕಿಯೆಂದು ಆ ಅಂಗಡಿಯವನಿಗೆ ಅವರ ಮೇಲೆ ವಿಪರೀತ ಕುತೂಹಲವಿತ್ತಂತೆ.

ಕೆಲಸ ಶುರುವಾಯಿತು. ಮೇಷ್ಟ್ರು ನೆನಪಿಸಿಕೊಂಡು ಹೇಳುವುದು, ಆ ಕಂತನ್ನು ಓದಿದ್ದ ವೆಂಕಟೇಶನೂ ನಾನೂ ತಿದ್ದುವುದು. ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಕತೆ. ತಂಗಿ ಮೂಗರ್ಜಿಯನ್ನು ಪೆಟ್ಟಿಗೆಯಿಂದ ತೆಗೆದಳೆಂದು ಮೇಷ್ಟ್ರು, ದೇವರ ಪಟದ ಹಿಂದಿನಿಂದ ಎಂದು ನಾನು. ಚಿಕ್ಕಪ್ಪ ಹೊದ್ದಿದ್ದ ಶಾಲು ಕೆಂಪೋ ಹಸಿರೋ ಎಂದು ಅರ್ಧ ಗಂಟೆ ಜಗಳ. ಕೊನೆಗೆ ಅಂಟಿನ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ ‘ಹಸಿರು ಶಾ’ ಎಂದು ಒಂದು ಕಡೆ ಇತ್ತು. ಮೇಷ್ಟ್ರು ಗೆದ್ದರು. ‘ಪಟದ ಹಿಂ’ ಎಂದು ಇನ್ನೊಂದು ಪಟ್ಟಿಯಲ್ಲಿ ಸಿಕ್ಕಿತು, ನಾನೂ ಗೆದ್ದೆ. ವೆಂಕಟೇಶನದು ಒಂದೂ ಸಿಗಲಿಲ್ಲ. ತಾನು ಆ ವಾರ ಕೊನೆಯ ಪುಟ ಮಾತ್ರ ಓದಿದ್ದೆನೆಂದು ಆಮೇಲೆ ಒಪ್ಪಿಕೊಂಡ. ಚಿಕ್ಕಪ್ಪನನ್ನು ಅಲ್ಲೇ ತಪ್ಪಿತಸ್ಥನೆಂದು ತೀರ್ಮಾನಿಸಿಬಿಡೋಣ, ಓದುವವರಿಗೆ ರುಚಿಯಾಗಿರುತ್ತದೆ ಎಂದೂ ಸಲಹೆ ಕೊಟ್ಟ. ಮೇಷ್ಟ್ರು ಕೆರಳಿದರು. ಇನ್ನೊಬ್ಬರ ಕತೆಯಲ್ಲಿ ಒಂದು ಕೂದಲೆಳೆಯನ್ನೂ ಕೂಡಿಸಕೂಡದು, ಮರೆತ ಕಡೆ ಖಾಲಿ ಜಾಗ ಬಿಡಬೇಕು ಎಂದು ಖಂಡಿತವಾಗಿ ಹೇಳಿದರು. ಬುಧವಾರ, ಗುರುವಾರ ಇದೇ ಕೆಲಸ. ಕೊನೆಗೆ ಮೇಷ್ಟ್ರೇ ತಮ್ಮ ಕಾಪಿ ಪುಸ್ತಕದ ಅಕ್ಷರದಲ್ಲಿ ನಾಲ್ಕು ಪುಟ ಬರೆದುಕೊಟ್ಟರು. ಎರಡು ಕಡೆ ಜಾಗ ಖಾಲಿ ಇತ್ತು. ಬರೆದವರ ಹೆಸರು ಮಾತ್ರ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಗಿರಿಜಮ್ಮ ಗಂಡನ ಜೊತೆ ಬಂದರು. ಜಟಕಾ ರಸ್ತೆಯಲ್ಲಿ ಕಾಯುತ್ತಿತ್ತು. ಪುಸ್ತಕ ಕೊಡುವ ಮೊದಲೇ ಇಪ್ಪತ್ತೊಂಬತ್ತನೆಯ ಕಂತಿನ ವಿಷಯ ಹೇಳಿಬಿಟ್ಟೆ. ಬೈದುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಕಣ್ಣು ತುಂಬಿಕೊಂಡಿತು.

“ನಿಮ್ಮತ್ರ ಇದ್ರೆ ಹುಷಾರಾಗಿರುತ್ತೆ ಅಂತ ಕೊಟ್ಟಿದ್ದೆ ನಂಜುಂಡಪ್ಪನೋರೆ” ಎಂದರು.

ತಪ್ಪಾಯಿತು ಎಂದೆ. ಪುಸ್ತಕವನ್ನು ಅವರ ಕೈಗಿಟ್ಟೆ. ಅವರು ಪುಸ್ತಕ ಬಿಚ್ಚಿ, ಕೈಬರಹದ ಹಾಳೆಗಳನ್ನು ಮುಟ್ಟಿ ನೋಡಿ, ಓದದೆ ಮುಚ್ಚಿದರು. ಕಂಬಕ್ಕೆ ಒರಗಿದ್ದ ಮೇಷ್ಟ್ರು ಪೇಪರಿನ ಹಿಂದೆ ಪೂರ್ತಿ ಮರೆಯಾಗಿದ್ದರು. ಅಕ್ಷರ ಬಲು ಚೆನ್ನಾಗಿದೆ, ಬರೆದವರಿಗೆ ನನ್ನ ನಮಸ್ಕಾರ ಹೇಳಿ ಎಂದು ಗಿರಿಜಮ್ಮ ಆ ಪೇಪರಿನ ಕಡೆಗೇ ತಿರುಗಿ ಹೇಳಿ ಜಟಕಾ ಹತ್ತಿದರು.

ಅದಾದ ಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಬೆನ್ನಿಗೆ ಹಾಕಲು ಅಚ್ಚಾಗದ ಖಾಲಿ ಕಾಗದವನ್ನೇ ಕೊಂಡು ತರತೊಡಗಿದೆ. ಖಾದರ್ ಸಾಬರು ಒಮ್ಮೆ ಬಂದು ನೋಡಿ, ದುಂದು ಎಂದರು. ಕಾರಣ ಹೇಳಿದ ಮೇಲೆ ನಕ್ಕು, ಅವರೂ ಹಾಗೇ ಮಾಡತೊಡಗಿದರು. ನನ್ನ ಮೇಸ್ತ್ರಿ ನನ್ನಿಂದ ಕಲಿತದ್ದು ಅದೊಂದೇ. ಕಲಿಯಲು ಬರುವ ಹುಡುಗಿಯರೇ, ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಈಗ ಹೊಲಿಗೆ ಬಿಟ್ಟು ಬರೀ ಗೋಂದು ಹಾಕಿ ಅಂಟಿಸುತ್ತಾರೆ, ಎರಡು ಸಲ ಬಿಚ್ಚಿದರೆ ಪುಟಗಳು ಉದುರುತ್ತವೆ. ಅದರ ಬಗ್ಗೆ ನನ್ನನ್ನು ಮಾತಾಡಿಸಬೇಡಿ, ರಕ್ತದೊತ್ತಡ ಏರುತ್ತದೆ.

ಗಿರಿಜಮ್ಮ ವಾಪಸು ಬಂದದ್ದು ಏಳು ತಿಂಗಳ ಮೇಲೆ. ಅಷ್ಟರಲ್ಲಿ ಬೆಂಚು ಬೇರೆ ಎರಡು ಧಾರಾವಾಹಿ ಮುಗಿಸಿತ್ತು. ಆದರೂ ಆ ಮೂಗರ್ಜಿಯ ಕತೆ ಎಲ್ಲರ ಬಾಯಲ್ಲಿ ಕಾಯುತ್ತಿತ್ತು. ಅವರು ಓದಿ ಬಂದು ಏನನ್ನುತ್ತಾರೆ, ಯಾರ ಮೇಲೆ ಅನುಮಾನ ಪಟ್ಟಿದ್ದರು, ಕೊನೆ ಹಿಡಿಸಿತೇ ಇಲ್ಲವೇ, ಇದನ್ನೆಲ್ಲ ಕೇಳುವ ಆಸೆ. ನನಗೆ ಅದರ ಜೊತೆಗೆ ಒಂದು ಅಳುಕು ಕೂಡ. ಒಂದು ಸಂಜೆ, ಹೆಗಲ ಮೇಲೆ ಮಗು, ಕೈಯಲ್ಲಿ ಅದೇ ಪುಸ್ತಕ ಹಿಡಿದು ಬಂದರು. ಮೇಷ್ಟ್ರು ಪೇಪರು ಮಡಿಚಿದರು. ವೆಂಕಟೇಶ ಬಾಯಿ ತೆರೆದ.

“ಯಾರೂ ಮಾತಾಡ್ಬೇಡಿ” ಎಂದರು ಗಿರಿಜಮ್ಮ. “ಕೊನೇದು ಇನ್ನೂ ಉಳಿದಿದೆ.”

ತವರಿಗೆ ಹೋದ ಮೇಲೆ ಅಲ್ಲೂ ನೆಂಟರು, ಶಾಸ್ತ್ರ, ಸೀಮಂತ ಎಂದು ಬಿಡುವು ಸಿಕ್ಕಿದ್ದು ಎಂಟನೇ ತಿಂಗಳು ಕಳೆದ ಮೇಲಂತೆ. ನಲವತ್ತೊಂದು ಕಂತು ಓದಿದ್ದರು. ಕೈಬರಹದ ಕಂತನ್ನು ಎರಡು ಸಲ ಓದಿದ್ದರು, ಬಿಟ್ಟಿದ್ದ ಖಾಲಿ ಜಾಗದಲ್ಲಿ ಏನಿದ್ದೀತೆಂದು ಯೋಚಿಸುವುದೇ ಒಂದು ಸುಖವಾಗಿತ್ತಂತೆ. ಕೊನೆಯ ಕಂತಿಗೆ ಬರುವಷ್ಟರಲ್ಲಿ ನೋವು ಕಾಣಿಸಿತು, ಮಗು ಹುಟ್ಟಿತು. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆಂದು ಅವರ ತಾಯಿ ಪುಸ್ತಕವನ್ನು ಅಟ್ಟಕ್ಕೆ ಹಾಕಿ ಏಣಿ ತೆಗೆದಿಟ್ಟರು. ಇಲ್ಲಿಗೆ ಬಂದ ಮೇಲೆ ಮಗು, ಮನೆ, ಒಲೆ. ಓದಲು ಕೂತಾಗಲೆಲ್ಲ ಯಾರಾದರೂ ಕರೆಯುತ್ತಿದ್ದರು. ಯಾರೂ ಕರೆಯದಿರುವ ಜಾಗ ಅವರಿಗೆ ತಿಳಿದಿದ್ದುದು ಇದೊಂದೇ ಆಗಿತ್ತು.

ಮಗುವನ್ನು ಮೇಷ್ಟ್ರ ಕೈಗೆ ಕೊಟ್ಟು, ಬೆಂಚಿನ ತುದಿಯಲ್ಲಿ ಕೂತು ಪುಸ್ತಕ ಬಿಚ್ಚಿದರು. ನಾನು ಸುತ್ತಿಗೆ ಕೆಳಗಿಟ್ಟೆ. ವೆಂಕಟೇಶ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮೇಷ್ಟ್ರು ಮಗುವನ್ನು ಎದೆಗೆ ಒತ್ತಿಕೊಂಡು, ಅದು ಅಳದಿರಲೆಂದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಭಾರ ಬದಲಿಸುತ್ತಾ ನಿಂತರು. ಕೆಲಸ ತಂದ ಇಬ್ಬರು ಗಿರಾಕಿಗಳಿಗೆ ನಾನು ಕೈಸನ್ನೆಯಲ್ಲೇ ಸುಮ್ಮನಿರಿ ಎಂದೆ, ಅವರೂ ನಿಂತರು. ರಸ್ತೆಯಲ್ಲಿ ಸೈಕಲ್ಲುಗಳು ಹೋಗುತ್ತಿದ್ದವು. ಗಿರಿಜಮ್ಮ ಪುಟ ತಿರುವಿದ ಸದ್ದು ನಮಗೆಲ್ಲ ಕೇಳಿಸಿತು. ಮೂಗರ್ಜಿ ಬರೆದವರು ಯಾರೆಂದು ತಿಳಿಯುವ ಸಾಲು ಎಲ್ಲಿದೆಯೆಂದು ನಮಗೆ ಗೊತ್ತಿತ್ತು, ಮೂರನೆಯ ಪುಟದ ನಡುವೆ. ಅಲ್ಲಿಗೆ ಬಂದಾಗ ಅವರ ಕೈ ಎದೆಯ ಮೇಲೆ ಹೋಯಿತು. ಇಷ್ಟು ವರ್ಷದ ಮೇಲೂ ಯಾರೆಂದು ನಾನು ಇಲ್ಲಿ ಬರೆಯುವುದಿಲ್ಲ, ಓದದವರು ಇದ್ದಾರು. ನಾಲ್ಕನೆಯ ಪುಟವನ್ನೂ ಮುಗಿಸಿದರು. ಆಮೇಲೆ ರಟ್ಟು ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನಮ್ಮೆಲ್ಲರ ಕಡೆ ತಿರುಗಿದರು.

“ಹ್ಞೂ, ಈಗ ಮಾತಾಡಿ” ಎಂದರು.